ಜಠರದ ಬ್ಯಾಕ್ಟೀರಿಯಾ: ದೇಹ ಕಾದಾಡುತ್ತದೆ, ಗೆಲ್ಲುವುದಿಲ್ಲ ಯಾಕೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ಜೀವಿಯ ಬಗ್ಗೆ ಇವೆ. ಹೆಲಿಕೋಬ್ಯಾಕ್ಟರ್ ಪೈಲೋರಿ, ಬಳಕೆಯಲ್ಲಿ ಎಚ್. ಪೈಲೋರಿ. ಗ್ಯಾಸ್ಟ್ರೈಟಿಸ್ (ಜಠರದ ಉರಿಯೂತ), ಅಲ್ಸರ್ (ಹುಣ್ಣು), ಜಠರದ ಕ್ಯಾನ್ಸರ್ ಮೂರರಲ್ಲೂ ಇದರ ಕೈವಾಡವಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಡಾಕ್ಟರೇ, ಜಠರದ ಆಮ್ಲಕ್ಕೆ ಬಿದ್ದ ಬ್ಯಾಕ್ಟೀರಿಯಾ ಸತ್ತೇ ಹೋಗುತ್ತದೆ ಎಂದು ಶಾಲೆಯಲ್ಲಿ ಓದಿದ್ದೆವು. ಹಾಗಿದ್ದರೆ ಅಲ್ಲಿ ಸೋಂಕು ಆಗುವುದಾದರೂ ಹೇಗೆ?

ಉತ್ತರ: ಓದಿದ್ದು ಸರಿಯೇ. ಖಾಲಿ ಹೊಟ್ಟೆಯಲ್ಲಿ ಜಠರರಸದ ಪಿಎಚ್ 1ರಿಂದ 2ರ ಆಸುಪಾಸಿನಲ್ಲಿರುತ್ತದೆ (ಈ ಅಂಕಿ ಕಡಿಮೆಯಾದಷ್ಟೂ ಆಮ್ಲ ತೀವ್ರ). ಪಿಎಚ್ 3ಕ್ಕಿಂತ ಕೆಳಗಿದ್ದರೆ ಊಟ, ನೀರಿನ ಜೊತೆ ಒಳಗೆ ಬಂದ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಕಾಲು ಗಂಟೆಯೊಳಗೆ ಸಾಯುತ್ತವೆ. ದೇಹದ ಮೊದಲ ಕಾವಲು ಇದು. ಆಮ್ಲ ತಗ್ಗಿಸುವ ಮಾತ್ರೆಯನ್ನು ತಿಂಗಳುಗಟ್ಟಲೆ ನುಂಗುವವರಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್‌ನಂಥ ಕರುಳಿನ ಸೋಂಕುಗಳು ಹೆಚ್ಚಾಗುವುದಕ್ಕೆ ಈ ಕಾವಲು ಸಡಿಲವಾಗುವುದೇ ಕಾರಣ.

ಎಚ್. ಪೈಲೋರಿಗೂ ಆಮ್ಲವೆಂದರೆ ಪ್ರೀತಿಯೇನಿಲ್ಲ. ಅದು ಆಮ್ಲದಲ್ಲಿ ಮನೆ ಮಾಡುವುದಿಲ್ಲ, ಆಮ್ಲವನ್ನು ದಾಟಿ ಹೋಗುತ್ತದೆ, ಅಷ್ಟೆ. ದಾಟಲು ಅದರ ಬಳಿ ಯೂರಿಯೇಸ್ ಎಂಬ ಕಿಣ್ವವಿದೆ. ಆ ಜೀವಿಯ ಒಟ್ಟು ಪ್ರೋಟೀನಿನಲ್ಲಿ ಸುಮಾರು 10%ರವರೆಗೂ ಇದೊಂದೇ ಇರುತ್ತದೆ ಎಂದರೆ ಇದರ ಮಹತ್ವ ತಿಳಿಯಬಹುದು. ಜಠರರಸದಲ್ಲಿ ಹೇಗೂ ಇರುವ ಯೂರಿಯಾವನ್ನು ಈ ಕಿಣ್ವ ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಅಮೋನಿಯಾ ಸುತ್ತಲಿನ ಆಮ್ಲವನ್ನು ತಣಿಸುತ್ತದೆ. ಯೂರಿಯಾ ಒಳಗೆ ಬರುವ ಬಾಗಿಲು ಹೊರಗೆ ಆಮ್ಲ ಹೆಚ್ಚಿದಾಗ ಮಾತ್ರ ತೆರೆದುಕೊಳ್ಳುತ್ತದೆ. ಇಲ್ಲದಿದ್ದರೆ ತನ್ನ ಅಮೋನಿಯಾಕ್ಕೆ ತಾನೇ ಬಲಿಯಾಗುತ್ತಿತ್ತು.

ಜಠರದ ಒಳಗೋಡೆಯನ್ನು ದಪ್ಪ ಲೋಳೆಯ ಪದರ ಹೊದ್ದಿರುತ್ತದೆ. ಈ ಪದರದ ಮೇಲ್ಭಾಗದಲ್ಲಿ ಆಮ್ಲ ತೀವ್ರ, ಕೆಳಗೆ ಜೀವಕೋಶಗಳ ಹತ್ತಿರ ಪಿಎಚ್ 6-7. ತಿರುಚಿದ ಮೈ, ಒಂದು ತುದಿಯಲ್ಲಿ ನಾಲ್ಕಾರು ಬಾಲಗಳಿರುವ ಈ ಜೀವಿ ಆಮ್ಲ ಕಡಿಮೆ ಇರುವ ದಿಕ್ಕನ್ನು ಗ್ರಹಿಸಿ ಅತ್ತ ಈಜುತ್ತದೆ. ಆಮ್ಲ ತಗ್ಗಿದ ಕಡೆ ಲೋಳೆಯೂ ತೆಳ್ಳಗಾಗುವುದರಿಂದ ದಾರಿ ಸಲೀಸಾಗುತ್ತದೆ. ಗೋಡೆಯ ಬಳಿ ತಲುಪಿದ ಮೇಲೆ ಹೆಚ್ಚಿನವು ಲೋಳೆಯಲ್ಲೇ ಈಜಾಡಿಕೊಂಡಿರುತ್ತವೆ. ಸ್ವಲ್ಪ ಪಾಲು ಮಾತ್ರ ಬಾಬ್‌-ಎ, ಸಾಬ್‌-ಎ ಎಂಬ ಅಂಟು ಪ್ರೋಟೀನುಗಳ ಮೂಲಕ ಜೀವಕೋಶಕ್ಕೆ ಕಚ್ಚಿಕೊಳ್ಳುತ್ತದೆ. ಮುಂದಿನ ಉತ್ತರಕ್ಕೆ ಈ ವಿವರ ಬೇಕಾಗುತ್ತದೆ.

ಪ್ರಶ್ನೆ: ವರ್ಷಗಟ್ಟಲೆ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾ ಇದ್ದರೂ ನನಗೆ ಒಂದು ದಿನ ಜ್ವರ ಬಂದಿಲ್ಲ. ರೋಗನಿರೋಧಕ ವ್ಯವಸ್ಥೆಗೆ ಅದು ಕಾಣಿಸುವುದೇ ಇಲ್ಲವೇ?

ಉತ್ತರ: ಕಾಣಿಸುತ್ತದೆ. ಸೋಂಕು ತಗುಲಿದ ಪ್ರತಿಯೊಬ್ಬರ ಜಠರದಲ್ಲೂ ಉರಿಯೂತ ಇದ್ದೇ ಇರುತ್ತದೆ, ತೊಂದರೆ ಗೊತ್ತಾಗಲಿ, ಆಗದಿರಲಿ. ಆಸ್ಟ್ರೇಲಿಯಾದ ವೈದ್ಯ ಬ್ಯಾರಿ ಮಾರ್ಷಲ್ 1984ರಲ್ಲಿ ತಮ್ಮ ಜಠರ ಆರೋಗ್ಯವಾಗಿದೆ ಎಂದು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಈ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಕುಡಿದರು. ಕೆಲವೇ ದಿನಗಳಲ್ಲಿ ವಾಕರಿಕೆ, ವಾಂತಿ, ಬಾಯಿಯ ದುರ್ವಾಸನೆ ಶುರುವಾಯಿತು. ಎರಡು ವಾರದೊಳಗೆ ತೆಗೆದ ಬಯಾಪ್ಸಿಯಲ್ಲಿ (ಒಳಪದರದ ಚೂರಿನ ಪರೀಕ್ಷೆಯಲ್ಲಿ) ಗ್ಯಾಸ್ಟ್ರೈಟಿಸ್ ಸ್ಪಷ್ಟವಾಗಿತ್ತು. ಅವರಿಗೂ ಅವರ ಸಹೋದ್ಯೋಗಿ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಹೆಚ್ಚಿನವರಿಗೆ ಸೋಂಕು ಚಿಕ್ಕಂದಿನಲ್ಲೇ ತಗುಲುವುದರಿಂದ ಈ ಆರಂಭದ ಗಲಾಟೆ ಯಾವುದೋ ಸಾಮಾನ್ಯ ವಾಂತಿಯ ಲೆಕ್ಕದಲ್ಲಿ ಮರೆತುಹೋಗಿರುತ್ತದೆ.

ಜ್ವರ ಯಾಕಿಲ್ಲ ಎಂದರೆ, ಬ್ಯಾಕ್ಟೀರಿಯಾ ಬಹುಪಾಲು ರಕ್ತದಿಂದ ದೂರ, ಲೋಳೆಯಲ್ಲೇ ಇರುತ್ತದೆ. ಜೊತೆಗೆ ಅದರ ಮೈಮೇಲಿನ ಗುರುತುಗಳೂ ಮಂಕಾಗಿವೆ. ಸಾಮಾನ್ಯವಾಗಿ ಇಂಥ ಬ್ಯಾಕ್ಟೀರಿಯಾಗಳ ಹೊರಪದರದ ಎಂಡೋಟಾಕ್ಸಿನ್ ಸಿಕ್ಕಿದ ಕೂಡಲೇ ದೇಹದ ಟಿಎಲ್‌ಆರ್-4 ಎಂಬ ಗ್ರಾಹಕ ಎಚ್ಚರಿಕೆ ಹೊರಡಿಸುತ್ತದೆ. ಎಚ್. ಪೈಲೋರಿಯ ಎಂಡೋಟಾಕ್ಸಿನ್ ರಚನೆಯಲ್ಲಿ ಬದಲಾಗಿ, ಕೆರಳಿಸುವ ಶಕ್ತಿ ಸಾವಿರ ಪಾಲು ಕುಗ್ಗಿದೆ. ಬಾಲದ ಪ್ರೋಟೀನನ್ನು ಹಿಡಿಯಬೇಕಾದ ಟಿಎಲ್‌ಆರ್-5 ಗ್ರಾಹಕಕ್ಕೆ ಇದರ ಬಾಲ ಗುರುತೇ ಸಿಗುವುದಿಲ್ಲ. ಸಾಲದ್ದಕ್ಕೆ ನಮ್ಮದೇ ರಕ್ತದ ಗುಂಪಿಗೆ ಸಂಬಂಧಿಸಿದ ಲೂಯಿಸ್ ಸಕ್ಕರೆಗಳನ್ನು ಅದು ಮೈಗೆ ಅಂಟಿಸಿಕೊಂಡಿರುತ್ತದೆ.

ಇಷ್ಟಾದರೂ ಸಿಕ್ಕಿಬೀಳುವುದು ಎಲ್ಲಿ ಎಂದು ಕೇಳಬಹುದು. ಆಕ್ರಮಣಕಾರಿ ತಳಿಗಳಲ್ಲಿ ಸೂಜಿಯಂಥ ಒಂದು ಯಂತ್ರವಿದೆ. ಅದರ ಮೂಲಕ ಕ್ಯಾಗ್‌-ಎ ಎಂಬ ಪ್ರೋಟೀನನ್ನು ಜಠರದ ಜೀವಕೋಶದ ಒಳಕ್ಕೆ ಚುಚ್ಚುತ್ತವೆ. ಅದೇ ದಾರಿಯಲ್ಲಿ ಬ್ಯಾಕ್ಟೀರಿಯಾದ ಕೋಶಭಿತ್ತಿಯ ಚೂರುಗಳೂ ಒಳಗೆ ಬೀಳುತ್ತವೆ. ಜೀವಕೋಶದ ಒಳಗಿರುವ ನಾಡ್-1 ಎಂಬ ಗ್ರಾಹಕ ಆ ಚೂರನ್ನು ಹಿಡಿಯುತ್ತದೆ. ಆಗ ಎನ್‌ಎಫ್-ಕಪ್ಪಾ-ಬಿ ಎಂಬ ಒಳಸಂಕೇತ ಚಾಲೂ ಆಗಿ ಜೀವಕೋಶ ಇಂಟರ್‌ಲ್ಯೂಕಿನ್-8 ಸುರಿಸುತ್ತದೆ. ಈ ರಾಸಾಯನಿಕದ ಜಾಡು ಹಿಡಿದು ರಕ್ತನಾಳಗಳಿಂದ ನ್ಯೂಟ್ರೋಫಿಲ್ ಬಿಳಿ ಕಣಗಳು ಸಾಲುಗಟ್ಟಿ ಹೊರಬರುತ್ತವೆ. ಹಿಂದೆಯೇ ಬ್ಯಾಕ್ಟೀರಿಯಾ ನುಂಗುವ ಮ್ಯಾಕ್ರೋಫೇಜ್‌ಗಳು, ವೈರಿಯ ಗುರುತನ್ನು ಟಿ ಕೋಶಗಳಿಗೆ ತೋರಿಸುವ ಡೆಂಡ್ರೈಟಿಕ್ ಕೋಶಗಳು. ಕೆಲವು ವಾರಗಳಲ್ಲಿ ದಾಳಿಯನ್ನು ನಿರ್ದೇಶಿಸುವ ಟಿ ಕೋಶಗಳು, ಪ್ರತಿಕಾಯ ತಯಾರಿಸುವ ಬಿ ಕೋಶಗಳು ಬಂದು ನೆಲೆಸುತ್ತವೆ.

ಕೆಲಸ ಕೆಡುವುದು ಇಲ್ಲಿ. ಬ್ಯಾಕ್ಟೀರಿಯಾ ಲೋಳೆಯಲ್ಲಿ, ಸೈನ್ಯ ಜೀವಕೋಶದ ಗೋಡೆಯ ಈಚೆ. ಗೋಡೆ ದಾಟಿ ಆಚೆ ಹೋದ ನ್ಯೂಟ್ರೋಫಿಲ್‌ಗಳು ಆಮ್ಲದ ಪಕ್ಕದಲ್ಲಿ ಹೆಚ್ಚು ಹೊತ್ತು ಬಾಳುವುದಿಲ್ಲ. ನುಂಗಿದರೂ ಗೆದ್ದಂತಲ್ಲ. ನ್ಯೂಟ್ರೋಫಿಲ್ ತಾನು ನುಂಗಿದ ಬ್ಯಾಕ್ಟೀರಿಯಾದ ಮೇಲೆ ಕೊಲ್ಲುವ ವಿಷವಾದ ಸೂಪರ್‌ಆಕ್ಸೈಡ್ ಸುರಿಯಬೇಕು. ಆದರೆ ನುಂಗಿದ್ದು ಎಚ್. ಪೈಲೋರಿಯಾದರೆ ಆ ಸೂಪರ್‌ಆಕ್ಸೈಡ್ ಒಳಚೀಲಕ್ಕೆ ಬೀಳುವ ಬದಲು ಕೋಶದ ಹೊರಕ್ಕೆ ಚೆಲ್ಲುತ್ತದೆ. ಕಳ್ಳ ಬೇಲಿಯಾಚೆ ನಿಂತಿದ್ದಾನೆ, ಪೊಲೀಸರು ಮನೆಯವರ ಮೇಲೆ ಲಾಠಿ ಬೀಸುತ್ತಿದ್ದಾರೆ ಎಂದ ಹಾಗಾಯಿತು. ತಪ್ಪಿ ಬಿದ್ದ ಏಟಿಗೂ ಬ್ಯಾಕ್ಟೀರಿಯಾ ಸಿದ್ಧವಾಗಿರುತ್ತದೆ. ಕ್ಯಾಟಲೇಸ್ ಮತ್ತು ಸೂಪರ್‌ಆಕ್ಸೈಡ್ ಡಿಸ್ಮ್ಯುಟೇಸ್ ಕಿಣ್ವಗಳಿಂದ ವಿಷವನ್ನು ನಿರ್ವಿಷ ಮಾಡುತ್ತದೆ. ಮ್ಯಾಕ್ರೋಫೇಜ್ ಬ್ಯಾಕ್ಟೀರಿಯಾ ಕೊಲ್ಲುವ ನೈಟ್ರಿಕ್ ಆಕ್ಸೈಡ್ ತಯಾರಿಸಲು ಬೇಕಾದ ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ತಾನೇ ಕಬಳಿಸುತ್ತದೆ. ವ್ಯಾಕ್‌-ಎ ಎಂಬ ವಿಷದಿಂದ ಟಿ ಕೋಶಗಳ ಸಂಖ್ಯೆ ಹೆಚ್ಚದಂತೆ ತಡೆಯುತ್ತದೆ.

ಟಿ ಕೋಶಗಳ ಪಾಳಯದಲ್ಲೂ ಎರಡು ಮನಸ್ಸು. ಟಿಎಚ್-1, ಟಿಎಚ್-17 ಕೋಶಗಳು ಇಂಟರ್‌ಫೆರಾನ್-ಗಾಮಾ, ಇಂಟರ್‌ಲ್ಯೂಕಿನ್-17 ಎಂಬ ಸಂಕೇತ ರಾಸಾಯನಿಕಗಳನ್ನು ಬಿಟ್ಟು ಉರಿಯೂತ ಏರಿಸುತ್ತವೆ. ನಿಯಂತ್ರಕ ಟಿ ಕೋಶಗಳು ಅದನ್ನು ತಗ್ಗಿಸುತ್ತವೆ. ಅಲ್ಸರ್ ಆದವರ ಜಠರದಲ್ಲಿ ಈ ನಿಯಂತ್ರಕ ಕೋಶಗಳು ಅಲ್ಸರ್ ಇಲ್ಲದ ಸೋಂಕಿತರಿಗಿಂತ ಕಡಿಮೆ ಕಂಡುಬಂದಿವೆ. ಮಕ್ಕಳಲ್ಲಿ ಅವು ಹೆಚ್ಚು, ಉರಿಯೂತ ಕಡಿಮೆ. ಹೀಗೆ ನಿಯಂತ್ರಣ ಬಿಗಿಯಾಗಿದ್ದರೆ ಗಾಯ ಕಡಿಮೆ, ಆದರೆ ಬ್ಯಾಕ್ಟೀರಿಯಾಕ್ಕೂ ಸುಖವಾಸ. ಸಡಿಲವಾದರೆ ಬ್ಯಾಕ್ಟೀರಿಯಾಕ್ಕೆ ಸ್ವಲ್ಪ ಕಷ್ಟ, ಜಠರಕ್ಕೆ ಹೆಚ್ಚು ಕಷ್ಟ.

ಪ್ರಶ್ನೆ: ಬಯಾಪ್ಸಿ ವರದಿಯಲ್ಲಿ ‘ಕ್ರಾನಿಕ್ ಆಕ್ಟಿವ್ ಗ್ಯಾಸ್ಟ್ರೈಟಿಸ್’ ಎಂದಿದೆ. ಆಕ್ಟಿವ್ ಎಂದರೆ ರೋಗ ಜೋರಾಗಿದೆ ಎಂದೇ?

ಉತ್ತರ: ಹಾಗಲ್ಲ. ಮೇಲೆ ಹೇಳಿದ ನ್ಯೂಟ್ರೋಫಿಲ್‌ಗಳು ಕಂಡರೆ ‘ಆಕ್ಟಿವ್’ ಎನ್ನುತ್ತಾರೆ. ಲಿಂಫೋಸೈಟ್ (ಟಿ, ಬಿ ಕೋಶಗಳು), ಬಿ ಕೋಶಗಳಿಂದ ಹುಟ್ಟುವ ಪ್ಲಾಸ್ಮಾ ಕೋಶಗಳು ನೆಲೆಸಿದ್ದರೆ ‘ಕ್ರಾನಿಕ್’. ಎರಡೂ ಒಟ್ಟಿಗೆ ಇದ್ದರೆ ಎಚ್. ಪೈಲೋರಿಯ ಗುಮಾನಿ ಬಲವಾಗುತ್ತದೆ. ನಿಮ್ಮ ವರದಿಯಲ್ಲಿ ಹುಡುಕಬೇಕಾದ ಪದಗಳು ಬೇರೆ: ‘ಅಟ್ರೋಫಿ’ ಎಂದರೆ ಗ್ರಂಥಿಗಳು ಸವೆದಿವೆ, ‘ಇಂಟೆಸ್ಟಿನಲ್ ಮೆಟಾಪ್ಲೇಸಿಯಾ’ ಎಂದರೆ ಜಠರದ ಒಳಪದರ ಕರುಳಿನ ಪದರದಂತೆ ಮಾರ್ಪಟ್ಟಿದೆ, ‘ಡಿಸ್‌ಪ್ಲೇಸಿಯಾ’ ಎಂದರೆ ಕ್ಯಾನ್ಸರ್‌ನ ಹೊಸ್ತಿಲು. ಎಷ್ಟು ಚೂರು, ಎಲ್ಲೆಲ್ಲಿಂದ ತೆಗೆದಿದ್ದಾರೆ ಎಂಬುದನ್ನೂ ನೋಡಿ. ಜಠರದ ಕೆಳಭಾಗದಿಂದ ಎರಡು, ನಡುಭಾಗದಿಂದ ಎರಡು, ಮಡಿಕೆಯ ಮೂಲೆಯಿಂದ ಒಂದು, ಒಟ್ಟು ಐದು ಚೂರು ತೆಗೆಯುವುದು ಒಪ್ಪಿತ ಪದ್ಧತಿ. ಕೆಳಭಾಗದ ಒಂದೇ ಚೂರನ್ನು ನೋಡಿ ಜಠರ ಪೂರ್ತಿ ಹೀಗಿದೆ ಎನ್ನಲಾಗದು.

ಪ್ರಶ್ನೆ: ರಕ್ತಪರೀಕ್ಷೆಯಲ್ಲಿ ಎಚ್. ಪೈಲೋರಿ ಐಜಿಜಿ ಪ್ರತಿಕಾಯ ಪಾಸಿಟಿವ್ ಬಂದಿದೆ. ಹಿಂದೊಮ್ಮೆ ಕೋರ್ಸ್ ಮುಗಿಸಿದ್ದೇನೆ. ಮತ್ತೆ ಮಾತ್ರೆ ಶುರು ಮಾಡಲೇ? ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎಂದಲ್ಲವೇ?

ಉತ್ತರ: ಈ ವರದಿಯೊಂದನ್ನೇ ನಂಬಿ ಮಾತ್ರೆ ಶುರು ಮಾಡಬೇಡಿ. ಬ್ಯಾಕ್ಟೀರಿಯಾ ತೊಲಗಿದ ಮೇಲೂ ಐಜಿಜಿ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಸೋಂಕು ಈಗ ಇದೆಯೋ, ಹಿಂದೆ ಇದ್ದು ಹೋಯಿತೋ ಅದರಿಂದ ಗೊತ್ತಾಗುವುದಿಲ್ಲ. ಚಿಕಿತ್ಸೆ ಫಲಿಸಿತೇ ಎಂದು ನೋಡಲು ಈ ಪರೀಕ್ಷೆ ಬರೆದುಕೊಡುವುದು ತಪ್ಪು ಎಂದೇ ನಮ್ಮ ಅಭಿಪ್ರಾಯ.

ಪ್ರತಿಕಾಯವಿದ್ದರೆ ರಕ್ಷಣೆಯೂ ಇರಬೇಕು ಎಂಬುದು ಇಲ್ಲಿ ನಡೆಯುವುದಿಲ್ಲ. ರಕ್ತದಲ್ಲಿ ಐಜಿಜಿ, ಲೋಳೆಯಲ್ಲಿ ಐಜಿಎ ಎರಡೂ ಧಾರಾಳವಾಗಿ ಇರುವವರಲ್ಲೇ ಸೋಂಕು ಜೀವನಪರ್ಯಂತ ಉಳಿಯುವುದು. ಆಮ್ಲ, ಪ್ರೋಟೀನು ಕರಗಿಸುವ ಪೆಪ್ಸಿನ್ ಕಿಣ್ವದ ನಡುವೆ ಪ್ರತಿಕಾಯ ಬಾಳುವುದು ಕಷ್ಟ. ಪ್ರತಿಕಾಯವನ್ನೇ ತಯಾರಿಸಲಾರದ ಇಲಿಗಳಿಗೆ ಲಸಿಕೆ ಕೊಟ್ಟರೂ ರಕ್ಷಣೆ ಸಿಕ್ಕಿತು. ಅಂದರೆ ಈ ಸೋಂಕಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಟಿ ಕೋಶಗಳು.

ಪ್ರಶ್ನೆ: ಹಾಗಾದರೆ ಯಾವ ಪರೀಕ್ಷೆ? ಉಸಿರಿನ ಪರೀಕ್ಷೆಯಲ್ಲಿ ನೆಗೆಟಿವ್ ಬಂದು, ಆಮೇಲೆ ಎಂಡೋಸ್ಕೋಪಿಯಲ್ಲಿ ಪಾಸಿಟಿವ್ ಬಂದವರನ್ನು ನೋಡಿದ್ದೇನೆ.

ಉತ್ತರ: ಉಸಿರಿನ ಪರೀಕ್ಷೆ ಅಥವಾ ಮಲದಲ್ಲಿ ಆಂಟಿಜೆನ್ (ಬ್ಯಾಕ್ಟೀರಿಯಾದ ಅಂಶ) ಪರೀಕ್ಷೆ. ಎರಡೂ ನಂಬಿಕೆಗೆ ಅರ್ಹ. ನೀವು ನೋಡಿದಂಥ ಎಡವಟ್ಟು ಬಹುತೇಕ ತಯಾರಿಯಲ್ಲಿ ಆಗಿರುತ್ತದೆ.

ಉಸಿರಿನ ಪರೀಕ್ಷೆ ಹಿಡಿಯುವುದು ಯೂರಿಯೇಸ್ ಕಿಣ್ವದ ಕೆಲಸವನ್ನು. ನಾಲ್ಕರಿಂದ ಆರು ಗಂಟೆ ಏನೂ ತಿನ್ನದೆ ಹೋಗಬೇಕು. ಮೊದಲು ಒಂದು ಚೀಲಕ್ಕೆ ಉಸಿರು ತುಂಬಿಸಿಕೊಳ್ಳುತ್ತಾರೆ. ಆಮೇಲೆ ಕಾರ್ಬನ್-13 (ಇಂಗಾಲದ ತುಸು ಭಾರದ ರೂಪ) ಇರುವ ಯೂರಿಯಾ, ಸಾಮಾನ್ಯವಾಗಿ 75 ಮಿಲಿಗ್ರಾಂ, ನೀರಿನಲ್ಲಿ ಕರಗಿಸಿ ಕುಡಿಸುತ್ತಾರೆ. ಜಠರ ಬೇಗ ಖಾಲಿಯಾಗದಿರಲಿ ಎಂದು ಸಿಟ್ರಿಕ್ ಆಮ್ಲ ಬೆರೆಸುವುದೂ ಉಂಟು. ಅರ್ಧ ಗಂಟೆ ಬಿಟ್ಟು ಎರಡನೇ ಚೀಲ. ಬ್ಯಾಕ್ಟೀರಿಯಾ ಇದ್ದರೆ ಎರಡನೆಯದರ ಇಂಗಾಲದ ಡೈಆಕ್ಸೈಡ್‌ನಲ್ಲಿ ಕಾರ್ಬನ್-13 ಏರಿರುತ್ತದೆ. ಕಾರ್ಬನ್-13 ವಿಕಿರಣ ಸೂಸುವುದಿಲ್ಲ, ಗರ್ಭಿಣಿಯರಿಗೂ ಮಕ್ಕಳಿಗೂ ತೊಂದರೆಯಿಲ್ಲ. ಕಾರ್ಬನ್-14 ಬಳಸುವ ಕಡೆ ವಿಕಿರಣ ಅತ್ಯಲ್ಪವಾದರೂ ಇದೆ, ಆದ್ದರಿಂದ ಯಾವುದನ್ನು ಕೊಡುತ್ತಿದ್ದಾರೆ ಎಂದು ಕೇಳಿಕೊಳ್ಳಿ.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಜಾತಿಯ, ಆಮ್ಲ ತಗ್ಗಿಸುವ ಪಿಪಿಐ ಮಾತ್ರೆಯನ್ನು ಕನಿಷ್ಠ ಎರಡು ವಾರ ಮೊದಲೇ ನಿಲ್ಲಿಸಿರಬೇಕು. ಆಂಟಿಬಯಾಟಿಕ್ ಮತ್ತು ಬಿಸ್ಮತ್ ಎಂಬ ಲೋಹಲವಣದ ಮದ್ದು ಆದರೆ ನಾಲ್ಕು ವಾರ. ಇವು ಬ್ಯಾಕ್ಟೀರಿಯಾವನ್ನು ಕೊಲ್ಲದೆ ಕುಗ್ಗಿಸಿಡುತ್ತವೆ, ಪಿಪಿಐ ಇದ್ದಾಗ ಉಳಿದವು ಜಠರದ ಮೇಲ್ಭಾಗಕ್ಕೆ ಸರಿಯುತ್ತವೆ. ಯೂರಿಯೇಸ್ ಅಳತೆಗೆ ಸಿಗದೆ ಸುಳ್ಳು ನೆಗೆಟಿವ್ ಬರುತ್ತದೆ. ಹುಣ್ಣಿನಿಂದ ರಕ್ತ ಸುರಿಯುತ್ತಿರುವಾಗಲೂ ಹೀಗಾಗಬಹುದು. ಸುಳ್ಳು ಪಾಸಿಟಿವ್ ಅಪರೂಪ. ಯೂರಿಯಾವನ್ನು ಬಾಯಲ್ಲಿ ಇಟ್ಟುಕೊಂಡು ನಿಧಾನವಾಗಿ ಗುಟುಕರಿಸಿದರೆ ಬಾಯಿಯ ಬ್ಯಾಕ್ಟೀರಿಯಾಗಳೇ ಅದನ್ನು ಒಡೆಯುತ್ತವೆ. ಒಮ್ಮೆಗೇ ಕುಡಿಯಿರಿ. ಪಿಪಿಐ ನಿಲ್ಲಿಸಿದ ದಿನಗಳಲ್ಲಿ ಎದೆಯುರಿ ತಾಳಲಾಗದಿದ್ದರೆ ಅಲ್ಯುಮಿನಿಯಂ, ಮೆಗ್ನೀಸಿಯಂ ಇರುವ ಸಾದಾ ಆಂಟಾಸಿಡ್ ನಡೆಯುತ್ತದೆ. ಆದರೆ ರಕ್ತಸ್ರಾವದ ಅಪಾಯವಿರುವವರು ಪಿಪಿಐ ಅನ್ನು ತಾವಾಗಿ ನಿಲ್ಲಿಸಬಾರದು.

ಪ್ರಶ್ನೆ: ಅಪ್ಪನಿಗೆ ಜಠರದ ಕ್ಯಾನ್ಸರ್, ನನಗೆ ಸಣ್ಣ ಕರುಳಿನ ಮೊದಲ ಭಾಗವಾದ ಡುವೋಡಿನಮ್‌ನಲ್ಲಿ ಹುಣ್ಣು. ಬ್ಯಾಕ್ಟೀರಿಯಾ ಒಂದೇ ಅಂತಾರೆ. ಇದು ಹೇಗೆ ಸಾಧ್ಯ?

ಉತ್ತರ: ಉರಿಯೂತ ಜಠರದ ಯಾವ ಭಾಗದಲ್ಲಿ ಜೋರಾಗಿದೆ ಎನ್ನುವುದರ ಮೇಲೆ ದಾರಿ ಕವಲೊಡೆಯುತ್ತದೆ. ಕೆಳಭಾಗದಲ್ಲಷ್ಟೇ ಇದ್ದರೆ, ಅಲ್ಲಿನ ಡಿ ಕೋಶಗಳಿಂದ ಬರುವ ಸೊಮಾಟೊಸ್ಟಾಟಿನ್ ಹಾರ್ಮೋನು ತಗ್ಗುತ್ತದೆ. ಆಮ್ಲ ಹೆಚ್ಚಿಸುವ ಗ್ಯಾಸ್ಟ್ರಿನ್ ಹಾರ್ಮೋನಿಗೆ ಅಂಕುಶವಾಗಿದ್ದದ್ದು ಅದು. ಅಂಕುಶ ಹೋದ ಮೇಲೆ ಗ್ಯಾಸ್ಟ್ರಿನ್ ಏರುತ್ತದೆ, ಮೇಲ್ಭಾಗದ ಆರೋಗ್ಯವಂತ ಗ್ರಂಥಿಗಳು ಆಮ್ಲ ಹೆಚ್ಚಿಸುತ್ತವೆ. ಹೆಚ್ಚಾದ ಆಮ್ಲ ಡುವೋಡಿನಮ್‌ಗೆ ಹರಿದು ಅಲ್ಲಿನ ಒಳಪದರದ ಕೆಲವು ಜಾಗ ಜಠರದ ಪದರದಂತೆ ಮಾರ್ಪಡುತ್ತದೆ. ಎಚ್. ಪೈಲೋರಿಗೆ ಹೊಸ ನೆಲೆ ಸಿಕ್ಕಿತು, ಅಲ್ಲೂ ಉರಿಯೂತ, ಕೊನೆಗೆ ಹುಣ್ಣು.

ಉರಿಯೂತ ನಡುಭಾಗವನ್ನೂ ಆವರಿಸಿದರೆ ಕಥೆ ತಿರುವುಮುರುವು. ಅಲ್ಲಿ ಬಿಡುಗಡೆಯಾಗುವ ಇಂಟರ್‌ಲ್ಯೂಕಿನ್-1 ಬೀಟಾ ಆಮ್ಲ ಉತ್ಪಾದನೆಯನ್ನು ಬಲವಾಗಿ ತಡೆಯುತ್ತದೆ. ಆಮ್ಲ ಇಳಿದಂತೆ ಬ್ಯಾಕ್ಟೀರಿಯಾ ಇನ್ನಷ್ಟು ಹರಡುತ್ತದೆ. ದಶಕಗಳಲ್ಲಿ ಅಟ್ರೋಫಿ, ಮೆಟಾಪ್ಲೇಸಿಯಾ, ಡಿಸ್‌ಪ್ಲೇಸಿಯಾ, ಕೆಲವರಲ್ಲಿ ಕ್ಯಾನ್ಸರ್. ಈ ಇಂಟರ್‌ಲ್ಯೂಕಿನ್ ಹೆಚ್ಚು ತಯಾರಾಗುವ ವಂಶವಾಹಿ ಇರುವವರಿಗೆ ಅಪಾಯ ಜಾಸ್ತಿ. ಡುವೋಡಿನಮ್ ಹುಣ್ಣು ಆದವರಲ್ಲಿ ಜಠರದ ಕ್ಯಾನ್ಸರ್ ಸರಾಸರಿಗಿಂತ ಕಡಿಮೆ ಎಂಬುದು ವಿಚಿತ್ರವೆನಿಸಿದರೂ ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 1994ರಲ್ಲೇ ಎಚ್. ಪೈಲೋರಿಯನ್ನು ಮೊದಲ ದರ್ಜೆಯ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಹೆದರಬೇಡಿ, ಸೋಂಕಿತರಲ್ಲಿ ಕ್ಯಾನ್ಸರ್ ಆಗುವುದು 100ಕ್ಕೆ ಒಬ್ಬರಿಂದ ಮೂವರಿಗೆ. ಆದರೆ ತಂದೆಗೆ ಆಗಿರುವುದರಿಂದ ನೀವು ಸೋಂಕು ತೊಲಗಿಸಿಕೊಳ್ಳುವುದು ಕಡ್ಡಾಯ ಎಂದೇ ತಿಳಿಯಿರಿ.

ಪ್ರಶ್ನೆ: ಆಂಟಿಬಯಾಟಿಕ್ ಬೇಡ ಅನ್ನಿಸುತ್ತದೆ. ಇಮ್ಯೂನಿಟಿ ಹೆಚ್ಚಿಸಿಕೊಂಡು ಓಡಿಸಲು ಆಗದೇ?

ಉತ್ತರ: ಆಗದು. ಕೊರತೆ ಇರುವುದು ಇಮ್ಯೂನಿಟಿಯಲ್ಲಿ ಅಲ್ಲ, ಇರುವುದನ್ನು ಗುರಿಗೆ ತಾಗಿಸುವುದರಲ್ಲಿ. ಟಾನಿಕ್ ಡಬ್ಬಿಗಳ ಮೇಲಿನ ಬರಹ ನಂಬಿ ಹಣ ಕಳೆಯಬೇಡಿ. ಪ್ರೋಬಯಾಟಿಕ್‌ಗಳಿಂದ ಚಿಕಿತ್ಸೆಯ ವೇಳೆಯ ಭೇದಿ ಕಡಿಮೆಯಾಗಬಹುದು, ಅವುಗಳಿಂದಲೇ ಸೋಂಕು ಹೋಗುವುದಿಲ್ಲ.

ಪ್ರಶ್ನೆ: ಹದಿನಾಲ್ಕು ದಿನ, ನಾಲ್ಕು ಬಗೆ ಮಾತ್ರೆ. ಇಷ್ಟೆಲ್ಲ ಬೇಕೇ? ಅರ್ಧಕ್ಕೆ ನಿಲ್ಲಿಸಿದರೆ ಏನಾಗುತ್ತದೆ?

ಉತ್ತರ: ಬೇಕು. ಈಗ ಹೆಚ್ಚಾಗಿ ಮೊದಲ ಆಯ್ಕೆಯಾಗಿರುವುದು ಬಿಸ್ಮತ್ ಇರುವ ನಾಲ್ಕು ಮದ್ದಿನ ಕೋರ್ಸ್: ಪಿಪಿಐ ದಿನಕ್ಕೆ ಎರಡು ಸಲ, ಬಿಸ್ಮತ್ ನಾಲ್ಕು ಸಲ, ಟೆಟ್ರಾಸೈಕ್ಲಿನ್ 500 ಮಿಲಿಗ್ರಾಂ ನಾಲ್ಕು ಸಲ, ಮೆಟ್ರೋನಿಡಜೋಲ್ 500 ಮಿಲಿಗ್ರಾಂ ಮೂರು ಅಥವಾ ನಾಲ್ಕು ಸಲ. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯದನ್ನೇ ಪಾಲಿಸಿ. ಲೋಳೆಯ ಆಳಕ್ಕೆ, ಗ್ರಂಥಿಗಳ ತಳಕ್ಕೆ ಮದ್ದು ಇಳಿಯಲು ದಿನಗಳು ಬೇಕು.

ಪಿಪಿಐ ಬರೀ ಉರಿ ತಗ್ಗಿಸಲು ಎಂದು ಭಾವಿಸಿ ಬಿಟ್ಟುಬಿಡುವವರಿದ್ದಾರೆ. ಪಿಎಚ್ 6ರ ಮೇಲೇರಿದಾಗಲೇ ಎಚ್. ಪೈಲೋರಿ ಚುರುಕಾಗಿ ವಿಭಜನೆಯಾಗುವುದು. ಬೇರೆ ಕೋರ್ಸ್‌ಗಳಲ್ಲಿ ಬಳಸುವ ಅಮಾಕ್ಸಿಸಿಲಿನ್‌ನಂಥ ಮದ್ದು ಕೊಲ್ಲುವುದು ವಿಭಜನೆಯಾಗುತ್ತಿರುವ ಬ್ಯಾಕ್ಟೀರಿಯಾವನ್ನು ಮಾತ್ರ. ಅಂಥ ಕೋರ್ಸ್‌ಗಳ ಕ್ಲಾರಿತ್ರೋಮೈಸಿನ್ ಆಮ್ಲದಲ್ಲಿ ಹಾಳಾಗುತ್ತದೆ. ಪಿಪಿಐ ಅನ್ನು ಊಟಕ್ಕೆ ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಿ.

ಟೆಟ್ರಾಸೈಕ್ಲಿನ್ ಅನ್ನು ಹಾಲು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳ ಜೊತೆ ನುಂಗಿದರೆ ಹೀರಲ್ಪಡುವುದಿಲ್ಲ, ಎರಡು ಗಂಟೆ ಅಂತರ ಬೇಕು. ಲೋಟ ತುಂಬ ನೀರು ಕುಡಿಯಿರಿ, ನುಂಗಿ ಕೂಡಲೇ ಮಲಗಬೇಡಿ, ಅನ್ನನಾಳದಲ್ಲಿ ಅಂಟಿ ಹುಣ್ಣಾಗುತ್ತದೆ. ಗರ್ಭಿಣಿಯರಿಗೂ ಚಿಕ್ಕ ಮಕ್ಕಳಿಗೂ ಇದು ಸಲ್ಲದು. ಮೆಟ್ರೋನಿಡಜೋಲ್ ಬಾಯಿಗೆ ಲೋಹದ ರುಚಿ ಕೊಡುತ್ತದೆ, ಮದ್ಯ ಮುಟ್ಟಬಾರದು. ಬಿಸ್ಮತ್‌ನಿಂದ ನಾಲಗೆ, ಮಲ ಕಪ್ಪಾಗುತ್ತದೆ, ಇದು ನಿರಪಾಯ. ಕಪ್ಪು ಮಲ ಟಾರಿನಂತೆ ಅಂಟಂಟಾಗಿ ಕೆಟ್ಟ ವಾಸನೆ ಬಂದರೆ, ತಲೆ ತಿರುಗಿದರೆ, ರಕ್ತ ವಾಂತಿಯಾದರೆ ಅದು ಒಳಗಿನ ರಕ್ತಸ್ರಾವ, ಆಸ್ಪತ್ರೆಗೆ ಆಗಲೇ ಹೊರಡಿ.

ಅರ್ಧಕ್ಕೆ ಬಿಟ್ಟರೆ ಉಳಿದುಕೊಳ್ಳುವುದು ಮದ್ದಿಗೆ ಜಗ್ಗದ ಬ್ಯಾಕ್ಟೀರಿಯಾಗಳೇ. ಕ್ಲಾರಿತ್ರೋಮೈಸಿನ್‌ಗೆ ಜಗ್ಗದಿರಲು ಬ್ಯಾಕ್ಟೀರಿಯಾದ ರೈಬೋಸೋಮ್ (ಪ್ರೋಟೀನು ತಯಾರಿಸುವ ಯಂತ್ರ) ವಂಶವಾಹಿಯಲ್ಲಿ ಒಂದೇ ಅಕ್ಷರ ಬದಲಾದರೆ ಸಾಕು. ಆದ್ದರಿಂದ ಒಮ್ಮೆ ಸೋತ ಕ್ಲಾರಿತ್ರೋಮೈಸಿನ್ ಅನ್ನು ಎರಡನೇ ಸಲ ಬಳಸುವುದಿಲ್ಲ. ಕೋರ್ಸ್ ಮುಗಿದು ಕನಿಷ್ಠ ನಾಲ್ಕು ವಾರ ಆದ ಮೇಲೆ ಉಸಿರು ಅಥವಾ ಮಲ ಪರೀಕ್ಷೆ ಮಾಡಿಸಿ. ಹೊಟ್ಟೆನೋವು ಹೋಗಿದೆ ಎನ್ನುವುದು ಬ್ಯಾಕ್ಟೀರಿಯಾ ಹೋಗಿದೆ ಎನ್ನುವುದಕ್ಕೆ ಸಾಕ್ಷಿಯಲ್ಲ.

ಪ್ರಶ್ನೆ: ಇದಕ್ಕೆ ಲಸಿಕೆ ಇಲ್ಲವೇ?

ಉತ್ತರ: ಸಾರ್ವಜನಿಕ ಬಳಕೆಗೆ ಇನ್ನೂ ಬಂದಿಲ್ಲ. ಚೀನಾದಲ್ಲಿ 6ರಿಂದ 15 ವರ್ಷದ 4,464 ಮಕ್ಕಳ ಮೇಲೆ ನಡೆದ ಬಾಯಿ ಲಸಿಕೆಯ ಪ್ರಯೋಗದ ಫಲಿತಾಂಶ 2015ರಲ್ಲಿ ಹೊರಬಂತು. ಯೂರಿಯೇಸ್‌ನ ಒಂದು ಭಾಗವನ್ನೇ ಲಸಿಕೆ ಮಾಡಲಾಗಿತ್ತು. ಮೊದಲ ವರ್ಷ ರಕ್ಷಣೆ 71.8%, ಆಮೇಲೆ ಇಳಿಯಿತು. ಸಹಜ ಸೋಂಕೇ ರಕ್ಷಣೆ ಕಲಿಸದ ಜೀವಿಗೆ ಲಸಿಕೆ ತಯಾರಿಸುವುದು ಸುಲಭವಲ್ಲ. ಉರಿಯೂತ ವಿಪರೀತವಾಗದಂತೆ ಟಿ ಕೋಶಗಳನ್ನು ಎಬ್ಬಿಸಬೇಕು.

ಪ್ರಶ್ನೆ: ಬ್ಯಾಕ್ಟೀರಿಯಾ ಹೋದ ಮೇಲೆ ಜಠರ ಮೊದಲಿನಂತೆ ಆಗುತ್ತದೆಯೇ?

ಉತ್ತರ: ನ್ಯೂಟ್ರೋಫಿಲ್‌ಗಳು ವಾರಗಳಲ್ಲೇ ಜಾಗ ಖಾಲಿ ಮಾಡುತ್ತವೆ. ಲಿಂಫೋಸೈಟ್‌ಗಳು ನಿಧಾನ, ವರ್ಷ ದಾಟಿಯೂ ಕೆಲವು ಉಳಿದಿರುತ್ತವೆ. ಆದ್ದರಿಂದ ಚಿಕಿತ್ಸೆಯ ನಂತರದ ಬಯಾಪ್ಸಿಯಲ್ಲಿ ‘ಕ್ರಾನಿಕ್’ ಎಂದು ಕಂಡು ಗಾಬರಿಯಾಗುವುದು ಬೇಡ. ಗ್ರಂಥಿಗಳ ಸವೆತ ಸ್ವಲ್ಪ ಮಟ್ಟಿಗೆ ಸರಿಹೋಗಬಹುದು, ಮೆಟಾಪ್ಲೇಸಿಯಾ ಹಿಂದಿರುಗುವುದು ಕಷ್ಟ. ಅದು ಜಠರದಲ್ಲಿ ವ್ಯಾಪಕವಾಗಿದ್ದರೆ ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಸೂಚಿಸುತ್ತಾರೆ.

ಇಲ್ಲೊಂದು ವಿಶೇಷ ಹೇಳಲೇಬೇಕು. ಆರೋಗ್ಯವಂತ ಜಠರದಲ್ಲಿ ಲಿಂಫ್ ಗಂಟುಗಳು (ಲಿಂಫೋಸೈಟ್‌ಗಳ ಗುಂಪುಗಳು) ಇರುವುದಿಲ್ಲವೆಂದೇ ಹೇಳಬಹುದು. ಸೋಂಕಿನ ವಿರುದ್ಧ ಸೇರಿದ ಬಿ ಕೋಶಗಳು ಅವನ್ನು ಕಟ್ಟುತ್ತವೆ. ಅಪರೂಪಕ್ಕೆ ಆ ಬಿ ಕೋಶಗಳೇ ಹಿಡಿತ ತಪ್ಪಿ ಮಾಲ್ಟ್ ಲಿಂಫೋಮಾ ಎಂಬ ಕ್ಯಾನ್ಸರ್ ಆಗುತ್ತದೆ. ಆರಂಭದ ಹಂತದಲ್ಲಿ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ತೆಗೆದರೆ ಬಹುಪಾಲು ರೋಗಿಗಳಲ್ಲಿ ಈ ಕ್ಯಾನ್ಸರ್ ಕರಗಿಹೋಗುತ್ತದೆ. ಬ್ಯಾಕ್ಟೀರಿಯಾದ ಪ್ರಚೋದನೆ ನಿಂತ ಮೇಲೆ ಆ ಕೋಶಗಳು ಬಾಳಲಾರವು.

ಪ್ರಶ್ನೆ: ಮನೆಮಂದಿಯೆಲ್ಲ ಪರೀಕ್ಷೆ ಮಾಡಿಸಬೇಕೇ?

ಉತ್ತರ: ಒಂದೇ ಮನೆಯಲ್ಲಿರುವ ವಯಸ್ಕರು ಮಾಡಿಸಿಕೊಳ್ಳುವುದು ಒಳ್ಳೆಯದು. ಹೆತ್ತವರು, ಒಡಹುಟ್ಟಿದವರಲ್ಲಿ ಜಠರದ ಕ್ಯಾನ್ಸರ್ ಆಗಿದ್ದರೆ ತಪ್ಪಿಸಲೇಬೇಡಿ. ಯಾವ ತೊಂದರೆಯೂ ಇಲ್ಲದ ಚಿಕ್ಕ ಮಕ್ಕಳಿಗೆ ಸುಮ್ಮನೆ ಪರೀಕ್ಷೆ ಮಾಡಿಸುವುದನ್ನು ಮಕ್ಕಳ ತಜ್ಞರ ಮಾರ್ಗಸೂಚಿಗಳು ಒಪ್ಪುವುದಿಲ್ಲ.